ಹಳೆಯ ಡೀಸೆಲ್ ಇಂಜಿನ್, ಹೊಸ ಕಂಪ್ಯೂಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ರೈಲು ಸಿಮ್ಯುಲೇಟರ್ (ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ) ಬಗ್ಗೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹಳೆಯ ಡೀಸೆಲ್ ಇಂಜಿನ್‌ಗಳದ್ದೇ ಮಾತು. ಹೆಚ್ಚಿನವರು ಬಳಸುತ್ತಿರುವುದು ಓಪನ್ ರೈಲ್ಸ್. ಅದು ಉಚಿತ, 2001ರ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್‌ಗೆಂದು ಮಾಡಿದ ಮಾಡೆಲ್‌ಗಳನ್ನೂ ಓದುತ್ತದೆ. ಹಾಗಾಗಿ ಕೆಳಗಿನ ಉತ್ತರಗಳೆಲ್ಲ ಓಪನ್ ರೈಲ್ಸ್‌ಗೆ ಅನ್ವಯ. ಮೊದಲೇ ಒಂದು ಮಾತು: ನಮ್ಮ ಮನೆಮಾತಿನಲ್ಲಿ ಬೋಗಿ ಅಂದರೆ ಡಬ್ಬಿ. ರೈಲ್ವೆಯವರಿಗೆ ಬೋಗಿ ಅಂದರೆ ಇಂಜಿನ್ ಅಥವಾ ಡಬ್ಬಿಯ ಕೆಳಗೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟು. ಗೊಂದಲ ಬೇಡವೆಂದು ಇಲ್ಲಿ ಅದಕ್ಕೆ ‘ಚಕ್ರದ ಚೌಕಟ್ಟು’ ಎಂದೇ ಬರೆದಿದ್ದೇವೆ.

ಪ್ರಶ್ನೆ: ಬ್ರಾಡ್ ಗೇಜ್ ಡೀಸೆಲ್ ಇಂಜಿನ್ ಡಬ್ಲ್ಯೂಡಿಎಂ-2 ಹೆಸರಿನಲ್ಲಿ ಹತ್ತಾರು ಮಾಡೆಲ್ ಸಿಗುತ್ತವೆ. ಫೋಟೊದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. 1990ರ ದಶಕದ ಮೈಸೂರು–ಮಂಡ್ಯ ಓಡಾಟಕ್ಕೆ ಯಾವುದನ್ನು ಆರಿಸಬೇಕು? — ಸುಭಾಷ್‌ನಗರ, ಮಂಡ್ಯ

ಮೊದಲು ಕಾಲ ಗೊತ್ತುಮಾಡಿಕೊಳ್ಳಿ, ಆಮೇಲೆ ಇಂಜಿನ್ ಆರಿಸಿ. ಮೈಸೂರು–ಬೆಂಗಳೂರು ದಾರಿ 1990ರ ದಶಕದಲ್ಲಿ ಹಳಿಗಳ ನಡುವೆ ಅಂತರ ಕಡಿಮೆಯಿರುವ ಮೀಟರ್ ಗೇಜ್‌ನಿಂದ ಬ್ರಾಡ್ ಗೇಜ್‌ಗೆ ಬದಲಾಯಿತು. ಬದಲಾವಣೆಗೆ ಮುಂಚಿನ ದೃಶ್ಯ ಬೇಕಿದ್ದರೆ ನಿಮಗೆ ಬೇಕಾದದ್ದು ಡಬ್ಲ್ಯೂಡಿಎಂ-2 ಅಲ್ಲ, ಮೀಟರ್ ಗೇಜ್ ಡೀಸೆಲ್ ಇಂಜಿನ್ ವೈಡಿಎಂ-4. ನಂತರದ್ದಾದರೆ ಡಬ್ಲ್ಯೂಡಿಎಂ-2 ಸರಿ. ಆಗಲೂ ಹಳಿ ಒಂಟಿಯಾಗಿರಬೇಕು, ತಲೆಯ ಮೇಲೆ ವಿದ್ಯುತ್ ತಂತಿ ಇರಬಾರದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಶಸ್ತ್ರಾಗಾರ ಹಳೆಯ ಜಾಗದಲ್ಲೇ ನಿಂತಿರಬೇಕು. ಜೋಡಿ ಹಳಿಗೆ ದಾರಿ ಬಿಡಲು ಅದನ್ನು ಇಡಿಯಾಗಿ ಸರಿಸಿದ್ದು 2017ರಲ್ಲಿ. ಇಂಜಿನ್ ಪಕ್ಕದ ಅಕ್ಷರಗಳನ್ನೂ ನೋಡಿ. ನೈಋತ್ಯ ರೈಲ್ವೆ (ಎಸ್‌ಡಬ್ಲ್ಯೂಆರ್) ಹುಟ್ಟಿದ್ದು 2003ರ ಏಪ್ರಿಲ್‌ನಲ್ಲಿ. ಅದಕ್ಕೆ ಮುಂಚೆ ಮೈಸೂರು ವಿಭಾಗ ದಕ್ಷಿಣ ರೈಲ್ವೆಯದು. 1995ರ ಗಾಡಿಗೆ ‘ಎಸ್‌ಡಬ್ಲ್ಯೂಆರ್’ ಎಂದು ಬರೆದ ಇಂಜಿನ್ ಕಟ್ಟಿದರೆ, ಉಳಿದದ್ದೆಲ್ಲ ಸರಿಯಿದ್ದರೂ ಚಿತ್ರ ಸುಳ್ಳಾಗುತ್ತದೆ.

ಇನ್ನು ಮಾಡೆಲ್‌ನ ಗುಣ. ಬಣ್ಣಕ್ಕೆ ಮರುಳಾಗಬೇಡಿ, ಬಣ್ಣವನ್ನು ಒಂದು ಸಂಜೆಯಲ್ಲಿ ತಿದ್ದಬಹುದು. ಆಕಾರ ತಪ್ಪಿದ್ದರೆ ಮಾಡಿದವರ ಮೂಲ ಫೈಲ್ ಇಲ್ಲದೆ ನೀವು ಏನೂ ಮಾಡಲಾಗದು. ಆದ್ದರಿಂದ ಆಕಾರವನ್ನೇ ಮೊದಲು ಪರೀಕ್ಷಿಸಿ. ಡಬ್ಲ್ಯೂಡಿಎಂ-2ಗೆ ಆರು ಅಚ್ಚು (ಆಕ್ಸಲ್), ಒಂದೊಂದು ಚಕ್ರದ ಚೌಕಟ್ಟಿಗೆ ಮೂರು. ಈ ಮೂರು ಅಚ್ಚುಗಳ ನಡುವಿನ ಅಂತರ ಸಮವಲ್ಲ: ಎರಡು ಹತ್ತಿರ, ಒಂದು ದೂರ. ಈ ಇಂಜಿನ್‌ನ ವಿನ್ಯಾಸ ಮಾಡಿದ ಅಮೆರಿಕದ ಆಲ್ಕೋ ಕಂಪನಿಯ ಟ್ರೈಮೌಂಟ್ ಚೌಕಟ್ಟಿನ ಗುರುತೇ ಅದು. ಅವಸರದಲ್ಲಿ ಮಾಡಿದ ಮಾಡೆಲ್‌ನಲ್ಲಿ ಮೂರೂ ಸಮ ಅಂತರದಲ್ಲಿ ಕೂತಿರುತ್ತವೆ. ನಿಜವಾದ ಇಂಜಿನ್‌ನ ಪಕ್ಕದಿಂದ ತೆಗೆದ ಒಂದು ಫೋಟೊ ಎದುರಿಗಿಟ್ಟುಕೊಂಡರೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಬಫರ್‌ನಿಂದ ಬಫರ್‌ಗೆ ಉದ್ದ 17.12 ಮೀಟರ್, ಹೊಸ ಚಕ್ರದ ವ್ಯಾಸ 1,092 ಮಿ.ಮೀ. (ಬಫರ್ ಅಂದರೆ ತುದಿಯಲ್ಲಿ ತಾಗಿದ ಪೆಟ್ಟು ತಡೆಯುವ ಗುಂಡು.) ಕ್ಯಾಬ್ (ಚಾಲಕನ ಕೋಣೆ) ಒಂದೇ, ಒಂದು ತುದಿಗೆ ಹತ್ತಿರ. ಉದ್ದ ಮೂತಿ ಮುಂದೆ ಮಾಡಿಯೂ ಗಾಡಿ ಓಡಿಸುತ್ತಿದ್ದರು, ಆದ್ದರಿಂದ ಎರಡೂ ದಿಕ್ಕಿನ ಕ್ಯಾಬ್ ನೋಟ ಇರುವ ಮಾಡೆಲ್ ಸಿಕ್ಕರೆ ಅದನ್ನೇ ಹಿಡಿಯಿರಿ.

ಕೊನೆಯದಾಗಿ, ಇಂಜಿನ್ ಹಾಕಿ ಒಮ್ಮೆ ಓಡಿಸಿದ ಮೇಲೆ ಡೆಸ್ಕ್‌ಟಾಪ್‌ನಲ್ಲಿ ಓಪನ್ ರೈಲ್ಸ್ ಬರೆದಿಡುವ ಲಾಗ್ ಫೈಲ್ ತೆರೆಯಿರಿ. ಸಿಗದ ಟೆಕ್ಸ್ಚರ್ (ಮಾಡೆಲ್ ಮೈಮೇಲಿನ ಬಣ್ಣದ ಚಿತ್ರ), ಮುಚ್ಚದ ಆವರಣ ಚಿಹ್ನೆ, ಕಳೆದುಹೋದ ಶಬ್ದದ ಫೈಲ್, ಎಲ್ಲವೂ ಅಲ್ಲಿ ಸಾಲುಸಾಲಾಗಿ ಇರುತ್ತವೆ. ಎಚ್ಚರಿಕೆಯ ಸಾಲುಗಳು ಕಡಿಮೆಯಿದ್ದಷ್ಟೂ ಮಾಡಿದವರು ಶ್ರದ್ಧೆಯಿಂದ ಮಾಡಿದ್ದಾರೆ ಎಂದು ಅರ್ಥ.

ಪ್ರಶ್ನೆ: ನನ್ನ ಡಬ್ಲ್ಯೂಡಿಎಂ-2, 18 ಡಬ್ಬಿ ಕಟ್ಟಿಕೊಂಡು 40 ಸೆಕೆಂಡಿನಲ್ಲಿ ಗಂಟೆಗೆ 60 ಕಿ.ಮೀ. ಮುಟ್ಟುತ್ತದೆ. ಕಾರು ಓಡಿಸಿದ ಹಾಗಿದೆ. ಫೈಲ್‌ನಲ್ಲಿ ಗರಿಷ್ಠ ಶಕ್ತಿಯ ‘ಮ್ಯಾಕ್ಸ್‌ಪವರ್’ ಅಂಕಿ ಇಳಿಸಿ ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಆಗಲಿಲ್ಲ. — ಸರಸ್ವತಿಪುರಂ, ಮೈಸೂರು

ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ಒಂದು ಸಣ್ಣ ಲೆಕ್ಕ ಮಾಡೋಣ. ಜನ ತುಂಬಿದ, ಚೆನ್ನೈನ ಐಸಿಎಫ್ ಕಾರ್ಖಾನೆಯ ಹಳೆಯ ಡಬ್ಬಿಗೆ 45 ಟನ್ ಹಿಡಿದರೆ 18 ಡಬ್ಬಿಗೆ 810 ಟನ್. ಇಂಜಿನ್‌ನದು 112.8 ಟನ್. ಒಟ್ಟು ಸುಮಾರು 923 ಟನ್. ಇಷ್ಟು ತೂಕವನ್ನು ಸೊನ್ನೆಯಿಂದ 60ಕ್ಕೆ, ಅಂದರೆ ಸೆಕೆಂಡಿಗೆ 16.7 ಮೀಟರ್‌ಗೆ, ತರಲು ಬೇಕಾದ ಶಕ್ತಿ 128 ಮೆಗಾಜೂಲ್.

ಡಬ್ಲ್ಯೂಡಿಎಂ-2ರ 16 ಸಿಲಿಂಡರಿನ ಆಲ್ಕೋ 251ಬಿ ಇಂಜಿನ್ 2,600 ಅಶ್ವಶಕ್ತಿಯದು, ಅಂದರೆ 1,939 ಕಿಲೋವಾಟ್. ಇದರಲ್ಲಿ ರೇಡಿಯೇಟರ್ ಫ್ಯಾನ್, ಕಂಪ್ರೆಸರ್, ಜನರೇಟರ್, ಮೋಟಾರು, ಗೇರು ಎಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಹಳಿಗೆ ತಲುಪುವುದು ನೂರಕ್ಕೆ ಎಂಬತ್ತರ ಆಸುಪಾಸು. 1,600 ಕಿಲೋವಾಟ್ ಎಂದಿಟ್ಟುಕೊಳ್ಳಿ. 128 ಮೆಗಾಜೂಲನ್ನು 1,600 ಕಿಲೋವಾಟ್‌ನಿಂದ ಭಾಗಿಸಿದರೆ 80 ಸೆಕೆಂಡ್. ಗಾಳಿಯ ತಡೆ, ಚಕ್ರದ ತಡೆ ಯಾವುದೂ ಇಲ್ಲದೆ, ಮೊದಲ ಕ್ಷಣದಿಂದಲೇ ಪೂರ್ತಿ ಶಕ್ತಿ ಕೊಟ್ಟರೂ 80 ಸೆಕೆಂಡ್ ಬೇಕು. ತಡೆಯನ್ನೆಲ್ಲ ಸೇರಿಸಿ, ಎಂಟು ನಾಚ್ (ಶಕ್ತಿ ಏರಿಸುವ ಹ್ಯಾಂಡಲ್‌ನ ಹಂತ) ಒಂದೊಂದಾಗಿ ಏರಿಸಿಕೊಂಡು ಹೋದರೆ ಎರಡು ನಿಮಿಷಕ್ಕೆ ಕಡಿಮೆಯಿಲ್ಲ. ನಿಮ್ಮ ಮಾಡೆಲ್‌ನ ಒಳಗೆ ನಿಜವಾದ ಇಂಜಿನ್‌ಗಿಂತ ದುಪ್ಪಟ್ಟಿಗೂ ಹೆಚ್ಚು ಬಲ ತುಂಬಿಟ್ಟಿದ್ದಾರೆ.

ಮ್ಯಾಕ್ಸ್‌ಪವರ್ ಬದಲಿಸಿದರೂ ಏನೂ ಆಗದಿರುವುದಕ್ಕೆ ಎರಡು ಕಾರಣ ಇರಬಹುದು. ಮೊದಲನೆಯದು: ಇಂಜಿನ್ ಫೋಲ್ಡರಿನೊಳಗೆ ‘ಓಪನ್‌ರೈಲ್ಸ್’ ಎಂಬ ಇನ್ನೊಂದು ಫೋಲ್ಡರ್ ಇದೆಯೇ ನೋಡಿ. ಅಲ್ಲಿ ಅದೇ ಹೆಸರಿನ ಇಎನ್‌ಜಿ ಫೈಲ್ (ಇಂಜಿನ್‌ನ ಶಕ್ತಿ, ತೂಕ ಬರೆದಿರುವ ಫೈಲ್) ಇದ್ದರೆ ಸಿಮ್ಯುಲೇಟರ್ ಅದನ್ನೇ ಓದುತ್ತದೆ. ನೀವು ಹೊರಗಿನ ಫೈಲನ್ನು ಎಷ್ಟು ತಿದ್ದಿದರೂ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡನೆಯದು: ಫೈಲ್‌ನಲ್ಲಿ ‘ಓಆರ್‌ಟಿಎಸ್ ಮ್ಯಾಕ್ಸ್ ಟ್ರ್ಯಾಕ್ಟಿವ್ ಫೋರ್ಸ್ ಕರ್ವ್ಸ್’ ಎಂಬ ಎಳೆತದ ಕೋಷ್ಟಕ ಇದ್ದರೆ ಮ್ಯಾಕ್ಸ್‌ಪವರ್, ಮ್ಯಾಕ್ಸ್‌ಫೋರ್ಸ್ ಎರಡೂ ಲೆಕ್ಕಕ್ಕೆ ಬರುವುದಿಲ್ಲ. ಎಳೆತವನ್ನು ನಿರ್ಧರಿಸುವುದು ಕೋಷ್ಟಕವೇ.

ಸರಿಪಡಿಸುವುದು ಹೀಗೆ. ಮೂಲ ಫೈಲನ್ನು ಮುಟ್ಟಬೇಡಿ. ಓಪನ್‌ರೈಲ್ಸ್ ಫೋಲ್ಡರ್ ಇಲ್ಲದಿದ್ದರೆ ನೀವೇ ಮಾಡಿ, ಅದರಲ್ಲಿ ಅದೇ ಹೆಸರಿನ ಹೊಸ ಇಎನ್‌ಜಿ ಫೈಲ್ ಇಡಿ. ಮೊದಲ ಸಾಲು ಖಾಲಿ ಇರಲಿ. ಇದನ್ನು ಮರೆತು ಒದ್ದಾಡಿದವರು ಬಹಳ. ಎರಡನೆಯ ಸಾಲಿನಲ್ಲಿ ‘ಇನ್‌ಕ್ಲೂಡ್’ ಆಜ್ಞೆ ಕೊಟ್ಟು ಒಂದು ಹಂತ ಮೇಲಿನ ಮೂಲ ಫೈಲನ್ನು ಕರೆಯಿರಿ. ಅದರ ಕೆಳಗೆ ಬದಲಾಗಬೇಕಾದ ಸಾಲುಗಳನ್ನು ಮಾತ್ರ ಬರೆಯಿರಿ. ತೂಕ ಮತ್ತು ಅಳತೆ ‘ವ್ಯಾಗನ್’ ಭಾಗಕ್ಕೆ, ಶಕ್ತಿ ಮತ್ತು ಎಳೆತ ‘ಇಂಜಿನ್’ ಭಾಗಕ್ಕೆ ಹೋಗಬೇಕು. ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-16 ಎಲ್‌ಇ ಆರಿಸಿ.

ಎಂಟನೆಯ ನಾಚ್‌ನ ಕೋಷ್ಟಕಕ್ಕೆ ಈ ಅಂಕಿಗಳನ್ನು ಹಾಕಿ. ಮೊದಲ ಅಂಕಿ ವೇಗ, ಸೆಕೆಂಡಿಗೆ ಮೀಟರ್‌ನಲ್ಲಿ. ಎರಡನೆಯದು ಎಳೆತ, ನ್ಯೂಟನ್‌ನಲ್ಲಿ:

0 — 2,98,000
5.4 — 2,96,000
8.3 — 1,92,000
11.1 — 1,44,000
16.7 — 96,000
22.2 — 72,000
27.8 — 57,500
33.3 — 48,000

ಫೈಲ್‌ನಲ್ಲಿ ಬರೆಯುವಾಗ ಅಲ್ಪವಿರಾಮ ಬೇಡ, ಅಂಕಿ ಮಾತ್ರ. ಇದರ ಹಿಂದಿನ ಲೆಕ್ಕ ಸರಳ: ಸುಮಾರು 19 ಕಿ.ಮೀ. ವೇಗದವರೆಗೆ ಎಳೆತಕ್ಕೆ ಮಿತಿ ಹಾಕುವುದು ಚಕ್ರ ಮತ್ತು ಹಳಿಯ ಹಿಡಿತ. ಡಬ್ಲ್ಯೂಡಿಎಂ-2ರ ಆರಂಭದ ಎಳೆತ ಸುಮಾರು 30.4 ಟನ್, ಅಂದರೆ ಅದರ ತೂಕದ ನೂರಕ್ಕೆ 27 ಭಾಗ. ಅಲ್ಲಿಂದ ಮೇಲೆ ಮಿತಿ ಇಂಜಿನ್‌ನ ಶಕ್ತಿಯದು. ವೇಗ ಇಮ್ಮಡಿಯಾದರೆ ಎಳೆತ ಅರ್ಧ. ಬಹಳ ಮಂದಿ ಎಡವುವುದು ವೇಗವನ್ನು ಕಿ.ಮೀ. ಲೆಕ್ಕದಲ್ಲೇ ತುಂಬಿ. ಗಂಟೆಗೆ ಕಿ.ಮೀ. ಅಂಕಿಯನ್ನು 3.6ರಿಂದ ಭಾಗಿಸಿಯೇ ಬರೆಯಬೇಕು. ಇಲ್ಲದಿದ್ದರೆ 19 ಕಿ.ಮೀ.ಗೆ ಇಳಿಯಬೇಕಾದ ಎಳೆತ 68 ಕಿ.ಮೀ.ವರೆಗೂ ಹಾಗೆಯೇ ಉಳಿಯುತ್ತದೆ. ನಿಮ್ಮ ಮಾಡೆಲ್‌ನಲ್ಲಿ ಆಗಿರುವುದು ಇದೇ ಇರಬಹುದು, ಮೊದಲು ಅದನ್ನೇ ಪರೀಕ್ಷಿಸಿ.

ಕೆಳಗಿನ ನಾಚ್‌ಗಳಿಗೆ ಎಂಟನೆಯದನ್ನು ಸಮವಾಗಿ ಹಂಚಬೇಡಿ. ನಾಲ್ಕನೆಯ ನಾಚ್‌ನಲ್ಲಿ ಅರ್ಧ ಶಕ್ತಿ ಬರುವುದಿಲ್ಲ, ಅದಕ್ಕಿಂತ ಸಾಕಷ್ಟು ಕಡಿಮೆ. ಮೊದಲ ನಾಚ್‌ಗೆ ಪೂರ್ಣ ಶಕ್ತಿಯ ನೂರಕ್ಕೆ 5ರಿಂದ ಶುರುಮಾಡಿ, ಮೇಲೆ ಹೋದಂತೆ ಏರಿಕೆ ದೊಡ್ಡದಾಗುತ್ತಾ ಹೋಗಲಿ ಎಂಬುದು ನಮ್ಮ ಸಲಹೆ. ತೂಕದ ಜಾಗದಲ್ಲಿ 112.8 ಟನ್, ‘ವೀಲ್‌ರೇಡಿಯಸ್’ 0.546 ಮೀಟರ್, ಗರಿಷ್ಠ ವೇಗ 120 ಇದೆಯೇ ಎಂದೂ ನೋಡಿ. ಚಕ್ರದ ತ್ರಿಜ್ಯ ತಪ್ಪಿದ್ದರೆ ಗಾಡಿ ಓಡುವಾಗ ಚಕ್ರ ಹಳಿಯ ಮೇಲೆ ಜಾರಿದ ಹಾಗೆ ಕಾಣುತ್ತದೆ.

ಎಲ್ಲ ಮುಗಿದ ಮೇಲೆ ಮಟ್ಟಸ ಹಳಿಯ ಮೇಲೆ ಅದೇ 18 ಡಬ್ಬಿ ಕಟ್ಟಿ ಓಡಿಸಿ. 60 ಮುಟ್ಟಲು ಎರಡು ನಿಮಿಷ ದಾಟಬೇಕು. 100ರ ಹತ್ತಿರ ವೇಗ ತಾನಾಗಿಯೇ ಮಂದವಾಗಬೇಕು. ಇಂಜಿನ್ ಏದುಸಿರು ಬಿಡುತ್ತಿದೆ ಅನ್ನಿಸಿದರೆ ನೀವು ಸರಿಯಾದ ಜಾಗಕ್ಕೆ ಬಂದಿದ್ದೀರಿ.

ಪ್ರಶ್ನೆ: ಹಳೆಯ ವ್ಯಾಕ್ಯೂಮ್ ಬ್ರೇಕ್ ಡಬ್ಬಿಗಳನ್ನು ಕಟ್ಟಿದರೆ ಬ್ರೇಕ್ ಹಿಡಿಯುವುದೇ ಇಲ್ಲ. ಇನ್ನೊಂದು ಇಂಜಿನ್ ಹಾಕಿದರೆ ಹಿಡಿದದ್ದು ಬಿಡುವುದೇ ಇಲ್ಲ. — ಮದ್ದೂರು

ಎರಡೂ ಬೇರೆ ಬೇರೆ ಕಾಯಿಲೆ.

ಹಿಡಿಯದಿದ್ದರೆ, ಇಂಜಿನ್ ಮತ್ತು ಡಬ್ಬಿಗಳ ‘ಬ್ರೇಕ್ ಸಿಸ್ಟಂ ಟೈಪ್’ ಹೊಂದಿಕೆಯಾಗಿಲ್ಲ. ಮಾಡೆಲ್ ಮಾಡಿದವರು ಅಮೆರಿಕದ ಯಾವುದೋ ಡೀಸೆಲ್‌ನ ಫೈಲನ್ನು ನಕಲು ಮಾಡಿ ಏರ್ ಬ್ರೇಕ್ ಹಾಗೆಯೇ ಬಿಟ್ಟಿರುತ್ತಾರೆ. ನಿಜವಾದ ಡಬ್ಲ್ಯೂಡಿಎಂ-2ರಲ್ಲಿ ಆಗಿನ ಏರ್ಪಾಡು ಎರಡು ಬಗೆಯದು: ಇಂಜಿನ್‌ನ ಚಕ್ರಗಳಿಗೆ ಗಾಳಿಯ ಒತ್ತಡ, ಹಿಂದಿನ ಗಾಡಿಗೆ ನಿರ್ವಾತ. ಇಡೀ ಗಾಡಿಗೆ ಎ-9 ಹ್ಯಾಂಡಲ್, ಇಂಜಿನ್‌ಗೆ ಮಾತ್ರ ಎಸ್‌ಎ-9. ಸಿಮ್ಯುಲೇಟರ್‌ನಲ್ಲಿ ಇಂಜಿನ್‌ಗೂ ‘ವ್ಯಾಕ್ಯೂಮ್ ಸಿಂಗಲ್ ಪೈಪ್’ ಎಂದು ಕೊಟ್ಟರೆ ಗಾಡಿಯ ಪೈಪಿನೊಡನೆ ಮಾತುಕತೆ ಶುರುವಾಗುತ್ತದೆ. ಅಷ್ಟು ಸಾಲದು. ‘ಇಂಜಿನ್ ಕಂಟ್ರೋಲರ್ಸ್’ ಒಳಗಿನ ‘ಬ್ರೇಕ್ ಟ್ರೇನ್’ ಭಾಗದಲ್ಲಿ ಹ್ಯಾಂಡಲ್‌ನ ಹಂತಗಳೂ ಏರ್ ಬ್ರೇಕಿನವೇ ಆಗಿರುತ್ತವೆ. ಸರಿಯಾಗಿ ಕೆಲಸ ಮಾಡುವ ವ್ಯಾಕ್ಯೂಮ್ ಇಂಜಿನ್‌ನಿಂದ ಆ ಭಾಗವನ್ನು ಪೂರ್ತಿಯಾಗಿ ಎತ್ತಿ ಇಲ್ಲಿ ಕೂರಿಸಿ. ಗರಿಷ್ಠ ಒತ್ತಡದ ಸಾಲಿನಲ್ಲಿ 90 ಅಂತ ಉಳಿದಿದ್ದರೆ ತೆಗೆದು 21 ಇಂಚು ಪಾದರಸ ಎಂದು ಮಾಡಿ. ನಮ್ಮ ರೈಲ್ವೆ ಲೆಕ್ಕದ 53 ಸೆಂ.ಮೀ. ಅಂದರೆ ಹೆಚ್ಚುಕಡಿಮೆ ಅಷ್ಟೇ.

ಬಿಡದಿದ್ದರೆ, ಅದು ಬಹುಶಃ ದೋಷವಲ್ಲ, ನಿಧಾನ. ಪೈಪಿನಲ್ಲಿ ನಿರ್ವಾತ ಇದ್ದಾಗಲೇ ಈ ಬ್ರೇಕ್ ಬಿಡುವುದು. 18 ಡಬ್ಬಿಯ ಪೈಪಿನಿಂದ ಗಾಳಿ ಎಳೆದು ಮತ್ತೆ ನಿರ್ವಾತ ತುಂಬಲು ಹೊತ್ತು ಹಿಡಿಯುತ್ತದೆ. ಡಬ್ಲ್ಯೂಡಿಎಂ-2ರಲ್ಲಿ ಗಾಳಿ ತುಂಬುವ ಕಂಪ್ರೆಸರ್, ಗಾಳಿ ಎಳೆಯುವ ಎಗ್ಸಾಸ್ಟರ್ ಎರಡೂ ಸೇರಿದ ಒಂದೇ ಯಂತ್ರವಿದೆ. ಅದಕ್ಕೆ ಎಕ್ಸ್‌ಪ್ರೆಸರ್ ಎನ್ನುತ್ತಾರೆ. ಅದು ತಿರುಗುವುದು ಡೀಸೆಲ್ ಇಂಜಿನ್‌ನ ಶಾಫ್ಟ್‌ನಿಂದಲೇ. ಇಂಜಿನ್ ನಿಧಾನವಾಗಿದ್ದರೆ ಅದೂ ನಿಧಾನ. ಹಾಗಾಗಿ ನಿಲ್ದಾಣದಲ್ಲಿ ಹೊರಡುವ ಮುಂಚೆ ಮೋಟಾರಿಗೆ ಕರೆಂಟ್ ಹೋಗದಂತೆ ಮಾಡಿ, ಇಂಜಿನ್ ವೇಗ ಮಾತ್ರ ಏರಿಸಿ ನಿರ್ವಾತ ಕಟ್ಟುತ್ತಿದ್ದರು. ಎಫ್5 ಒತ್ತಿ, ಶಿಫ್ಟ್ ಹಿಡಿದು ಎಫ್5ನ್ನು ಮತ್ತೆ ಮತ್ತೆ ಒತ್ತುತ್ತಾ ಹೋದರೆ ಬ್ರೇಕ್ ಪುಟ ಸಿಗುತ್ತದೆ. ಕೊನೆಯ ಡಬ್ಬಿಯ ಅಂಕಿಯನ್ನು ನೋಡುತ್ತಿರಿ. ನಿಧಾನವಾಗಿಯಾದರೂ ಏರುತ್ತಿದ್ದರೆ ಕಾಯಿರಿ. ಅಲುಗಾಡದಿದ್ದರೆ ಮಾತ್ರ ಫೈಲ್‌ನಲ್ಲಿ ತಪ್ಪಿದೆ. ಆಟದ ಶುರುವಿನಲ್ಲಷ್ಟೇ ತೊಂದರೆಯಿದ್ದರೆ ಶಿಫ್ಟ್ ಜತೆ ಓರೆಗೆರೆಯ ಕೀ ಒತ್ತಿ, ಬ್ರೇಕ್ ಒಮ್ಮೆಗೇ ಸಿದ್ಧವಾಗುತ್ತದೆ.

ಪ್ರಶ್ನೆ: ಶಬ್ದ ಲಾರಿಯ ಹಾಗಿದೆ. ಹೊಗೆಯೂ ಸದಾ ಒಂದೇ ಬಣ್ಣ. ನಾಚ್ ಏರಿಸಿದ ತಕ್ಷಣ ಇಂಜಿನ್ ಕಿರುಚುತ್ತದೆ. — ಪಾಲಿಟೆಕ್ನಿಕ್ ವಿದ್ಯಾರ್ಥಿನಿ, ಪಾಂಡವಪುರ

ಆಲ್ಕೋ ಇಂಜಿನ್‌ನ ಜೀವ ಇರುವುದೇ ಇಲ್ಲಿ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ.

ಮೊದಲು ಆರ್‌ಪಿಎಂ, ಅಂದರೆ ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು. ಡಬ್ಲ್ಯೂಡಿಎಂ-2 ಸುಮ್ಮನೆ ನಿಂತಾಗ 400, ಎಂಟನೆಯ ನಾಚ್‌ನಲ್ಲಿ 1,000. ‘ಥ್ರಾಟಲ್ ಆರ್‌ಪಿಎಂ ಟ್ಯಾಬ್’ ಎಂಬ ಕೋಷ್ಟಕದಲ್ಲಿ ಶೇಕಡಾ 0ಕ್ಕೂ 12.5ಕ್ಕೂ 400 ಕೊಡಿ, ಆಮೇಲೆ ನಾಚ್‌ಗೆ ಸುಮಾರು 86ರಂತೆ ಏರಿಸಿ: 486, 571, 657, 743, 829, 914, 1,000. ಇಂಜಿನ್ ಎಷ್ಟು ಬೇಗ ಏರಬೇಕು ಎಂಬುದನ್ನು ಹೇಳುವುದು ‘ಚೇಂಜ್ ಅಪ್ ಆರ್‌ಪಿಎಂ’ ಸಾಲು. ಅಲ್ಲಿ ಸೆಕೆಂಡಿಗೆ 200ರಂಥ ಅಂಕಿ ಇದ್ದರೆ ಕಿರುಚಾಟ ಖಂಡಿತ. 30ರಿಂದ 40ರೊಳಗೆ ಇಡಿ. 40 ಇಟ್ಟರೆ 400ರಿಂದ 1,000ಕ್ಕೆ ಹೋಗಲು 15 ಸೆಕೆಂಡ್. ಭಾರವಾದ ಕ್ರ್ಯಾಂಕ್ ಶಾಫ್ಟ್‌ನ ಇಂಜಿನ್‌ಗೆ ಅದು ಒಪ್ಪುವ ನಡೆ.

ಹೆಸರು ‘ಎಸ್‌ಎಂಎಸ್’ ಎಂದು ಮುಗಿಯುವ ಶಬ್ದದ ಫೈಲ್‌ನಲ್ಲಿ ಇಂಜಿನ್ ಧ್ವನಿಯನ್ನು ‘ವೇರಿಯಬಲ್ 2’ಕ್ಕೆ ಕಟ್ಟಿರಬೇಕು, ಅದು ಆರ್‌ಪಿಎಂ ಜತೆ ಏರಿಳಿಯುತ್ತದೆ. ಥ್ರಾಟಲ್‌ಗೆ ಕಟ್ಟಿದ್ದರೆ ನೀವು ಹ್ಯಾಂಡಲ್ ಎಳೆದ ಕ್ಷಣಕ್ಕೇ ಶಬ್ದ ಜಿಗಿಯುತ್ತದೆ, ಆರ್‌ಪಿಎಂ ಎಷ್ಟೇ ತಿದ್ದಿದರೂ ಪ್ರಯೋಜನವಿಲ್ಲ.

ರೆಕಾರ್ಡಿಂಗ್ ಸರಿಯಾದ ಇಂಜಿನ್‌ನದೇ ಎಂದು ತಿಳಿಯಲು ಒಂದು ಲೆಕ್ಕ. ನಾಲ್ಕು ಹೊಡೆತದ ಇಂಜಿನ್‌ನಲ್ಲಿ ಒಂದು ಸುತ್ತಿಗೆ ಅರ್ಧದಷ್ಟು ಸಿಲಿಂಡರ್‌ಗಳು ಸಿಡಿಯುತ್ತವೆ. 16 ಸಿಲಿಂಡರಿಗೆ ಸುತ್ತಿಗೆ 8. 400 ಆರ್‌ಪಿಎಂಗೆ ಸೆಕೆಂಡಿಗೆ 53 ಹೊಡೆತ. ಕಿವಿಗೆ ಅದು ಎಳೆ ಕಡಿಯದ ಗುನುಗಿನಂತೆ ಬೀಳುತ್ತದೆ. ವೈಡಿಎಂ-4ಕ್ಕೆ ಸಾಲಾಗಿ ನಿಂತ ಆರೇ ಸಿಲಿಂಡರ್. 400ಕ್ಕೆ ಸೆಕೆಂಡಿಗೆ 20 ಮಾತ್ರ. ಅದು ಧಡಧಡ ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಶಬ್ದ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಐಡಲ್ (ಸುಮ್ಮನೆ ನಿಂತಾಗಿನ) ಶಬ್ದದ ಫೈಲ್ ತೆರೆದು ಒಂದು ಸೆಕೆಂಡಿನಲ್ಲಿರುವ ಏರಿಳಿತ ಎಣಿಸಿ. ಒಂದರ ಶಬ್ದ ಇನ್ನೊಂದಕ್ಕೆ ಹಾಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಹೊಗೆಯ ವಿಷಯ. ನಾಚ್ ಏರಿಸಿದಾಗ ಇಂಜಿನ್ ವೇಗ ಕಾಯುವ ಗವರ್ನರ್ ಡೀಸೆಲ್ ಪ್ರಮಾಣವನ್ನು ಕೂಡಲೇ ಹೆಚ್ಚಿಸುತ್ತದೆ. ಟರ್ಬೊ ವೇಗ ಹಿಡಿದು ಅದಕ್ಕೆ ತಕ್ಕ ಗಾಳಿ ತಳ್ಳಲು ಕೆಲವು ಸೆಕೆಂಡ್ ಬೇಕು. ಆ ನಡುವೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆ ಏಳುತ್ತದೆ, ಗಾಳಿ ಬಂದ ಮೇಲೆ ತಿಳಿಯಾಗುತ್ತದೆ. ಆದ್ದರಿಂದ ‘ಎಗ್ಸಾಸ್ಟ್ ಕಲರ್’ ತೆಳು ಬೂದು, ‘ಎಗ್ಸಾಸ್ಟ್ ಟ್ರಾನ್ಸಿಯೆಂಟ್ ಕಲರ್’ ಗಾಢ ಕಪ್ಪು ಆಗಿರಲಿ. ಎರಡಕ್ಕೂ ಒಂದೇ ಬಣ್ಣ ಕೊಟ್ಟಿರುವುದೇ ನಿಮ್ಮ ತೊಂದರೆ. ಹೊಗೆ ಬಾನೆಟ್ ಪಕ್ಕದಿಂದ ಬರುತ್ತಿದ್ದರೆ ‘ಎಗ್ಸಾಸ್ಟ್ 1’ ಸಾಲಿನ ಮೊದಲ ಮೂರು ಅಂಕಿ ತಿದ್ದಿ: ಅಡ್ಡ, ಎತ್ತರ, ಉದ್ದ. ಹತ್ತು ಹತ್ತು ಸೆಂಟಿಮೀಟರ್ ಸರಿಸಿ ನೋಡುತ್ತಾ ಚಿಮಣಿಯ ಬಾಯಿಗೆ ಕೂರಿಸಿ.

ಪ್ರಶ್ನೆ: ಮೈಸೂರು–ಚಾಮರಾಜನಗರ ಮೀಟರ್ ಗೇಜ್ ಕಾಲದ ರೂಟ್ (ಆಟದೊಳಗಿನ ದಾರಿ) ಮಾಡುತ್ತಿದ್ದೇನೆ. ವೈಡಿಎಂ-4 ಹಾಕಿದರೆ ಚಕ್ರ ಹಳಿಯ ಒಳಗಡೆ ತೇಲುತ್ತದೆ. — ನಂಜನಗೂಡು

ಮೈಕ್ರೋಸಾಫ್ಟ್ ಕಾಲದ ಹಳಿಯ ಆಕಾರಗಳೆಲ್ಲ 1,435 ಮಿ.ಮೀ. ಅಗಲದವು. ನಮ್ಮ ಮೀಟರ್ ಗೇಜ್ 1,000, ಬ್ರಾಡ್ ಗೇಜ್ 1,676. ಅಳತೆ ಸರಿಯಿರುವ ವೈಡಿಎಂ-4 ಆ ಹಳಿಯ ಮೇಲೆ ನಿಂತರೆ ಪ್ರತಿ ಪಕ್ಕ 217 ಮಿ.ಮೀ. ಒಳಗೆ ಬರುತ್ತದೆ. ಬ್ರಾಡ್ ಗೇಜ್ ಇಂಜಿನ್ ಆದರೆ 120 ಮಿ.ಮೀ. ಹೊರಗೆ. ಅಂದರೆ ನಿಮ್ಮ ಇಂಜಿನ್ ಸರಿಯಾಗಿದೆ, ಹಳಿ ತಪ್ಪು. ದಯವಿಟ್ಟು ಇಂಜಿನ್ ಅಗಲಿಸಬೇಡಿ. ಮೀಟರ್ ಗೇಜ್ ಅಗಲಕ್ಕೆ ಮಾಡಿದ ಹಳಿಯ ಸೆಟ್ ಹುಡುಕಿ, ರೂಟ್‌ಗೆ ಅದನ್ನೇ ಬಳಸಿ. ಇಂಜಿನ್ ಮತ್ತು ಡಬ್ಬಿ ಫೈಲ್‌ಗಳಲ್ಲಿ ‘ಓಆರ್‌ಟಿಎಸ್ ಟ್ರ್ಯಾಕ್ ಗೇಜ್’ 1 ಮೀಟರ್ ಎಂದು ಕೊಡಿ, ತಿರುವಿನ ವೇಗದ ಲೆಕ್ಕಕ್ಕೆ ಅದು ಬೇಕು.

ವೈಡಿಎಂ-4 1,400 ಅಶ್ವಶಕ್ತಿ, 72 ಟನ್, ಆರು ಅಚ್ಚು, ಅಚ್ಚಿಗೆ 12 ಟನ್. ಹಿಡಿತವನ್ನು ತೂಕದ ನೂರಕ್ಕೆ 27 ಎಂದೇ ಹಿಡಿದರೆ ಆರಂಭದ ಎಳೆತ ಸುಮಾರು 190 ಕಿಲೋನ್ಯೂಟನ್. ಇನ್ನೊಂದನ್ನು ಮರೆಯಬೇಡಿ: ಮೀಟರ್ ಗೇಜ್‌ನಲ್ಲಿ ಪಕ್ಕದ ಎರಡು ಬಫರ್ ಇಲ್ಲ, ನಡುವೆ ಒಂದೇ. ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದರೆ ಮೀಟರ್ ಗೇಜ್ ಡಬ್ಬಿಗಳ ಮುಂದೆ ಬಗ್ಗಿ ನಿಂತು ಅದನ್ನೇ ನೋಡಬಹುದು, ಫೋಟೊ ತೆಗೆದುಕೊಳ್ಳಿ. ನಿಮ್ಮೂರಿನ ಕಪಿಲೆಯ ಮೇಲಿನ 1735ರ ಕಲ್ಲು ಸೇತುವೆಯ ಮೇಲೆ ರಸ್ತೆ, ಹಳಿ ಎರಡೂ ಅಕ್ಕಪಕ್ಕ ಇದ್ದವು. ರೂಟ್‌ನಲ್ಲಿ ಅದನ್ನು ಬಿಟ್ಟೀರಿ ಮತ್ತೆ.

ಪ್ರಶ್ನೆ: ಇಂಜಿನ್ ಮತ್ತು ಮೊದಲ ಡಬ್ಬಿ ಒಂದರೊಳಗೊಂದು ಹೊಕ್ಕಿರುತ್ತವೆ. — ಶ್ರೀರಂಗಪಟ್ಟಣ

‘ಸೈಜ್’ ಸಾಲಿನ ಮೂರನೆಯ ಅಂಕಿ ಉದ್ದ. ಡಬ್ಲ್ಯೂಡಿಎಂ-2ಗೆ 17.12 ಇರಬೇಕು. ಬಫರ್ ಬಿಟ್ಟು ಒಡಲಿನ ಉದ್ದ ಮಾತ್ರ ಹಾಕಿದ್ದರೆ ಹೀಗಾಗುತ್ತದೆ. ಐದೈದು ಸೆಂಟಿಮೀಟರ್ ಬದಲಿಸಿ ಬಫರ್‌ಗಳು ತಾಗುವಂತೆ ಮಾಡಿ.

ಪ್ರಶ್ನೆ: ನಿಲ್ದಾಣದಲ್ಲಿ ಮೂರು ಡೀಸೆಲ್ ಇಂಜಿನ್ ನಿಂತರೆ ಲ್ಯಾಪ್‌ಟಾಪ್ ತೆವಳುತ್ತದೆ. — ಕುವೆಂಪುನಗರ, ಮೈಸೂರು

ದೂರ ಹೋದಂತೆ ಸರಳವಾಗುವ ಹಂತಗಳಿಲ್ಲದ ಮಾಡೆಲ್ ಇರಬೇಕು. ಅರ್ಧ ಕಿಲೋಮೀಟರ್ ಆಚೆಗಿರುವಾಗಲೂ ಅದರ ಒಂದೊಂದು ಬೋಲ್ಟನ್ನೂ ಕಂಪ್ಯೂಟರ್ ಬಿಡಿಸುತ್ತಿರುತ್ತದೆ. ಅಂಥದ್ದನ್ನು ನೀವು ಓಡಿಸಲು ಇಟ್ಟುಕೊಳ್ಳಿ, ಪಕ್ಕದ ಹಳಿಯಲ್ಲಿ ನಿಲ್ಲಿಸಲು ಹಗುರವಾದ ಇನ್ನೊಂದನ್ನು ಹಾಕಿ. ಒಂದೇ ಇಂಜಿನ್‌ಗೆ ಹತ್ತು ಹದಿನೈದು ಬಿಡಿ ಟೆಕ್ಸ್ಚರ್ ಫೈಲ್ ಇದ್ದರೂ ಭಾರವೇ. ಒಂದೆರಡು ದೊಡ್ಡ ಫೈಲ್‌ನಲ್ಲಿ ಎಲ್ಲ ಸೇರಿಸಿದ್ದು ವಾಸಿ. ಓಪನ್ ರೈಲ್ಸ್ ಸೆಟ್ಟಿಂಗ್‌ನಲ್ಲಿ ನೋಟದ ದೂರ 2,000 ಮೀಟರ್ ಇದ್ದರೆ 1,200ಕ್ಕೆ ಇಳಿಸಿ.

ಪ್ರಶ್ನೆ: ಉಚಿತ ಮಾಡೆಲ್‌ಗೆ ಕೆಜೆಎಂ (ಬೆಂಗಳೂರಿನ ಕೃಷ್ಣರಾಜಪುರ) ಡೀಸೆಲ್ ಶೆಡ್‌ನ ಬಣ್ಣ ಬಳಿದಿದ್ದೇನೆ, ಎಳೆತವನ್ನೂ ತಿದ್ದಿದ್ದೇನೆ. ಸ್ನೇಹಿತರಿಗೆ ಹಂಚಬಹುದೇ? — ಮಂಡ್ಯ

ಮಾಡೆಲ್ ಜತೆ ಬಂದ ರೀಡ್‌ಮಿ ಫೈಲ್ ಓದಿ. ಬಣ್ಣ ಬದಲಿಸಿ ಹಂಚಬಹುದು ಎಂದು ಕೆಲವರು ಬರೆದಿರುತ್ತಾರೆ, ಕೇಳದೆ ಹಂಚಬೇಡಿ ಎಂದು ಕೆಲವರು. ಏನೂ ಬರೆದಿಲ್ಲದಿದ್ದರೆ ಕೇಳಲೇಬೇಕು. ಉಚಿತವಾಗಿ ಕೊಟ್ಟ ಮಾತ್ರಕ್ಕೆ ಅದು ಎಲ್ಲರ ಸ್ವತ್ತಲ್ಲ. ಅನುಮತಿ ಸಿಗುವವರೆಗೆ ನಿಮ್ಮದೇ ಆದ ಭಾಗವನ್ನು ಮಾತ್ರ ಕೊಡಿ: ಓಪನ್‌ರೈಲ್ಸ್ ಫೋಲ್ಡರಿನ ಸಣ್ಣ ಇಎನ್‌ಜಿ ಫೈಲ್. ಮೂಲ ಫೈಲನ್ನು ಅದು ಕರೆದುಕೊಳ್ಳುತ್ತದೆಯೇ ಹೊರತು ನಕಲು ಮಾಡಿಕೊಂಡಿರುವುದಿಲ್ಲ. ಯಾವ ಮಾಡೆಲ್‌ಗೆ, ಯಾವ ಆವೃತ್ತಿಗೆ, ಯಾವ ಯಾವ ಸಾಲು ಬದಲಿಸಿದ್ದೀರಿ ಎಂದು ಜತೆಗೊಂದು ಚೀಟಿ ಬರೆದಿಡಿ.